ಮಕ್ಕಳೊಡನೆ ಕುಣಿದ ಪಂಡಿತರು: ಪಂಜೆ ಮಂಗೇಶರಾಯರ ಜೀವಿತ

ಹೋಟೆಲಿನ ಕೆಲಸಕ್ಕಾಗಿಯೋ ಕಚೇರಿಯ ಗುಮಾಸ್ತಗಿರಿಗಾಗಿಯೋ ಊರನ್ನು ತೊರೆದು ಬಂದು ಬೊರಿವಲಿಯಲ್ಲಿ ಬಿಡಾರ ಹೂಡಿರುವ ನಮ್ಮವರಲ್ಲಿ ಪಂಜೆ ಮಂಗೇಶರಾಯರ ಹೆಸರನ್ನು ಕೇಳದವರು ವಿರಳ. ಕನ್ನಡ ಶಾಲೆಯ ಮೆಟ್ಟಿಲನ್ನೇರಿದ ಪ್ರತಿಯೊಬ್ಬರೂ ಅವರ ಹಾವಿನ ಹಾಡನ್ನು ಒಮ್ಮೆಯಾದರೂ ಕೈಯನ್ನು ಹೆಡೆಯಂತೆ ಎತ್ತಿ ಹಾಡಿದವರೇ. ಆದರೆ ಹಾಡು ನೆನಪಿನಲ್ಲಿ ಉಳಿದಷ್ಟು ಹಾಡನ್ನು ಕಟ್ಟಿದವರ ಜೀವಿತ ನಮ್ಮ ನೆನಪಿನಲ್ಲಿ ಉಳಿದಿಲ್ಲ. ಇಂದು ಅದನ್ನು ವಾಚಕರ ಮುಂದಿಡಲು ಒಂದು ವಿಶೇಷ ಕಾರಣವಿದೆ. ನಮ್ಮ ಮಕ್ಕಳನ್ನು ಯಾವ ಪಾಠ ಬೇಸರವೆಂದು ಕೇಳಿದರೆ ಹೆಚ್ಚಿನವರು ಚರಿತ್ರೆಯೆಂದೇ ಹೇಳುತ್ತಾರೆ. ಇಸವಿಗಳ ಪಟ್ಟಿ, ಅರಸರ ವಂಶಾವಳಿ, ಯುದ್ಧಗಳ ಹೆಸರು, ಇಷ್ಟನ್ನು ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿ ಮರುದಿನ ಮರೆತುಬಿಡುವುದೇ ಚರಿತ್ರೆಯ ಅಧ್ಯಯನವೆಂದು ಅವರು ತಿಳಿದಿದ್ದಾರೆ. ಮಗು ತಾನೇ ಪಾತ್ರವಾಗಿ ನಿಂತು, ನುಡಿದು, ನಟಿಸಿ ಕಲಿತರೆ ಈ ಬೇಸರ ನೀಗುವುದೆಂದು ಶಿಕ್ಷಣಜ್ಞರು ಇಂದು ಹೇಳುತ್ತಾರೆ. ಆ ಮಾತು ಪುಸ್ತಕಗಳಲ್ಲಿ ಶಾಸ್ತ್ರವಾಗಿ ಬರುವ ಮೊದಲೇ ಅದರ ದಾರಿಯನ್ನು ಕನ್ನಡದ ಶಾಲೆಗಳಲ್ಲಿ ಸವೆಸಿದವರು ಪಂಜೆಯವರು.

ರಾಯರು ಹುಟ್ಟಿದ್ದು ೧೮೭೪ನೆಯ ಇಸವಿಯ ಫೆಬ್ರವರಿ ೨೨ರಂದು, ನೇತ್ರಾವತಿಯ ದಂಡೆಯ ಬಂಟವಾಳದಲ್ಲಿ. ತಂದೆ ರಾಮಪ್ಪಯ್ಯನವರು. ಘಟ್ಟದ ತಪ್ಪಲಿನ ಪಂಜ ಎಂಬ ಊರಿನಿಂದ ಬಂದ ಮನೆತನವಾದುದರಿಂದ ಪಂಜೆ ಎಂಬ ಹೆಸರು ಅವರ ಬೆನ್ನಿಗಂಟಿತು. ಮನೆಯ ಮಾತು ಕೊಂಕಣಿ, ಬೀದಿಯ ಮಾತು ತುಳು, ಶಾಲೆಯ ಮಾತು ಕನ್ನಡ. ಮನೆಯಲ್ಲೊಂದು ನುಡಿ, ಕೆಲಸದಲ್ಲೊಂದು ನುಡಿ, ರೈಲಿನಲ್ಲಿ ಮತ್ತೊಂದು ನುಡಿ ಆಡಿಕೊಂಡು ಬದುಕುವ ಬೊರಿವಲಿಯ ಕನ್ನಡಿಗರಿಗೆ ಈ ಪರಿಸ್ಥಿತಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಮನೆಮಾತಲ್ಲದ ಕನ್ನಡವನ್ನು ರಾಯರು ಎಷ್ಟು ಪ್ರೀತಿಯಿಂದ ತಮ್ಮದಾಗಿಸಿಕೊಂಡರೆಂದರೆ, ಅವರ ಶಿಶುಗೀತಗಳ ಕನ್ನಡಕ್ಕಿಂತ ತಿಳಿಯಾದ ಕನ್ನಡವನ್ನು ತೋರಿಸುವುದು ಕಷ್ಟ.

ಬಡತನ ಅವರಿಗೆ ಹೊಸದಾಗಿರಲಿಲ್ಲ. ಬಂಟವಾಳದಲ್ಲಿ ಆರಂಭದ ವಿದ್ಯಾಭ್ಯಾಸವನ್ನು ಮುಗಿಸಿ ಮಂಗಳೂರಿಗೆ ಬಂದ ಹುಡುಗನಿಗೆ ಓದು ಮತ್ತು ದುಡಿಮೆ ಜೊತೆಜೊತೆಯಾಗಿಯೇ ಸಾಗಬೇಕಾಗಿತ್ತು. ಎಫ್.ಎ. ಪರೀಕ್ಷೆಯ ತರುವಾಯ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರ ಹುದ್ದೆ ದೊರೆಯಿತು. ಮುಂದೆ ಬಿ.ಎ. ಪದವಿಯನ್ನೂ ಉಪಾಧ್ಯಾಯ ವೃತ್ತಿಯ ಎಲ್.ಟಿ. ಪದವಿಯನ್ನೂ ಸಂಪಾದಿಸಿಕೊಂಡರು. ಹಗಲು ಮೇಜು ಒರೆಸಿ ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತು ಮೆಟ್ರಿಕ್ ಮುಗಿಸಿದ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಅನುಕೂಲದವರಿಗೆ ಮಾತ್ರ ವಿದ್ಯೆಯೆಂಬ ನಂಬಿಕೆಯನ್ನು ಅವರಂತೆಯೇ ಪಂಜೆಯವರೂ ತಮ್ಮ ಬಾಳಿನಿಂದ ಸುಳ್ಳುಮಾಡಿದರು.

೧೯೦೦ರಲ್ಲಿ ಬೆನಗಲ್ ರಾಮರಾಯರು ಮಂಗಳೂರಿನಿಂದ ಸುವಾಸಿನಿ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದಾಗ ಪಂಜೆಯವರ ಲೇಖನಿಗೆ ಕ್ಷೇತ್ರ ದೊರೆಯಿತು. ನನ್ನ ಚಿಕ್ಕ ತಾಯಿ ಮೊದಲಾದ ಅವರ ಕಥೆಗಳು ಅದರಲ್ಲಿ ಪ್ರಕಟವಾದವು. ಹೊಸಗನ್ನಡದ ಸಣ್ಣಕಥೆಯ ಆದಿಯನ್ನು ಹುಡುಕುವ ವಿದ್ವಾಂಸರು ಈ ಕಥೆಗಳ ಬಳಿ ಬಂದು ನಿಲ್ಲುತ್ತಾರೆ. ಕವಿಗಳೆಂದು ಕರೆದುಕೊಳ್ಳಲು ಸಂಕೋಚಪಟ್ಟು ಕವಿಶಿಷ್ಯ ಎಂಬ ಹೆಸರಿನಿಂದ ಪದ್ಯಗಳನ್ನೂ, ನಗೆಯ ಬರಹಗಳಿಗೆ ಹರಟೆಮಲ್ಲ ಎಂಬ ಹೆಸರನ್ನೂ, ಇತರ ಬರಹಗಳಿಗೆ ರಾ.ಮ.ಪಂ. ಎಂಬ ಅಕ್ಷರಗಳನ್ನೂ ಬಳಸಿದರು. ಹೀಗೆ ಸಾಹಿತಿಗಳಾಗಿ ಬೆಳೆದರೂ ಜೀವನಕ್ಕೆ ಅವರು ಹಿಡಿದದ್ದು ಉಪಾಧ್ಯಾಯ ವೃತ್ತಿಯನ್ನೇ. ಅವರ ಸಾಹಿತ್ಯದ ಬಹುಭಾಗ ಆ ವೃತ್ತಿಯ ಅಗತ್ಯದಿಂದಲೇ ಹುಟ್ಟಿತು.

ಪಂಡಿತಿಕೆಯ ತರುವಾಯ ರಾಯರು ವಿದ್ಯಾ ಇಲಾಖೆಯಲ್ಲಿ ಶಾಲೆಗಳ ಇನ್‌ಸ್ಪೆಕ್ಟರರಾದರು. ಅಂದಿನ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಊರಿಂದೂರಿಗೆ ಹೊಳೆಗಳು, ಹೊಳೆಗಳಿಗೆ ದೋಣಿಗಳು, ದೋಣಿ ದಾಟಿದ ಮೇಲೆ ಎತ್ತಿನ ಗಾಡಿ ಅಥವಾ ಕಾಲುನಡೆ. ಇನ್‌ಸ್ಪೆಕ್ಟರರು ಬರುವರೆಂಬ ಸುದ್ದಿ ತಲಪಿದೊಡನೆ ಹಳ್ಳಿಯ ಶಾಲೆಯಲ್ಲಿ ನಡುಕ ಹುಟ್ಟುತ್ತಿದ್ದ ಕಾಲವದು. ಅವರ ವರದಿಯ ಮೇಲೆ ಶಾಲೆಯ ಸಹಾಯಧನ, ಸಹಾಯಧನದ ಮೇಲೆ ಐಗಳ ಸಂಬಳ. ಮಕ್ಕಳು ಕೇಳಿದ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡದಿದ್ದರೆ ಅದರ ಫಲವನ್ನು ಅಧಿಕಾರಿ ಹೋದ ಮೇಲೆ ಬೆನ್ನಿನ ಮೇಲೆ ಅನುಭವಿಸಬೇಕಾಗುತ್ತಿತ್ತು.

ಅಂತಹ ಅಧಿಕಾರದಲ್ಲಿದ್ದೂ ರಾಯರು ಬೇರೆಯಾಗಿ ನಡೆದುಕೊಂಡರು. ತರಗತಿಗೆ ಹೋದವರು ಪ್ರಶ್ನೆಗಳ ಬಾಣ ಬಿಡದೆ ಮಕ್ಕಳಿಗೆ ಕಥೆ ಹೇಳುತ್ತಿದ್ದರು, ಹಾಡು ಹೇಳಿಕೊಡುತ್ತಿದ್ದರು, ಹಾಡಿಗೆ ತಕ್ಕಂತೆ ತಾವೇ ಅಭಿನಯಿಸಿ ಮಕ್ಕಳನ್ನೂ ಕುಣಿಸುತ್ತಿದ್ದರು. ಪಂಚೆ ಕೋಟು ಪೇಟದ ಅಧಿಕಾರಿಯೊಬ್ಬರು ಹಾವಾಗಿ ಗಾಳಿಯಾಗಿ ಮಕ್ಕಳ ನಡುವೆ ಆಡುವುದನ್ನು ಕಂಡ ಐಗಳಿಗೆ ಅದೊಂದು ಹೊಸ ಪಾಠವಾಗುತ್ತಿತ್ತು. ಅದು ಮಕ್ಕಳಿಗೆ ವಿನೋದ, ಉಪಾಧ್ಯಾಯರಿಗೆ ಶಿಕ್ಷಣ. ಬೆತ್ತವಿಲ್ಲದೆ ತರಗತಿಯನ್ನು ಹಿಡಿದಿಡಬಹುದೆಂಬುದನ್ನು ಅವರು ಭಾಷಣಮಾಡಿ ತಿಳಿಸದೆ ಮಾಡಿ ತೋರಿಸಿದರು. ತರುವಾಯ ಮಂಗಳೂರಿನ ಉಪಾಧ್ಯಾಯ ತರಬೇತಿ ಶಾಲೆಯಲ್ಲಿ ಕೆಲಸ ಮಾಡುವ ಯೋಗ ಬಂದಾಗ ಈ ರೀತಿ ಜಿಲ್ಲೆಯ ಹಲವು ಶಾಲೆಗಳಿಗೆ ಹರಡಲು ಅನುಕೂಲವಾಯಿತು.

ಅವರ ಮಕ್ಕಳ ಬರಹಗಳನ್ನು ಈ ದೃಷ್ಟಿಯಿಂದ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅವು ಕಣ್ಣಿನಿಂದ ಓದುವುದಕ್ಕಿಂತ ಬಾಯಿಯಿಂದ ನುಡಿದು ಮೈಯಿಂದ ಆಡುವುದಕ್ಕೆ ತಕ್ಕವು. ತೆಂಕಣ ಗಾಳಿಯಾಟದಲ್ಲಿ ಗಾಳಿ ಬೀಸುವ ಸದ್ದೇ ಪದ್ಯದ ನಡೆಯಾಗಿದೆ. ಇಲಿಗಳ ಥಕಥೈ, ಮೂರು ಕರಡಿಗಳು, ಮೆಣಸಿನಕಾಳಪ್ಪ, ಗುಡುಗುಡು ಗುಮ್ಮಟದೇವರು ಮೊದಲಾದ ಕಥೆಗಳಲ್ಲಿ ಮಾತೇ ಮುಖ್ಯ, ವರ್ಣನೆ ಅಲ್ಪ. ಇವುಗಳಲ್ಲಿ ಕೆಲವು ಪರದೇಶದ ಕಥೆಗಳಾದರೂ ರಾಯರ ಕೈಯಲ್ಲಿ ನಮ್ಮ ತೆಂಕಣ ಸೀಮೆಯ ಹುಲ್ಲುಮನೆಗಳಲ್ಲಿ ನಡೆದಂತೆ ಕಾಣುತ್ತವೆ. ಸಿಗಡಿ ಯಾಕೆ ಒಣಗಲಿಲ್ಲ ಎಂಬ ಕಥೆಯನ್ನೇ ತೆಗೆದುಕೊಳ್ಳಬಹುದು. ಸಿಗಡಿಯನ್ನು ಬಿಸಿಲಿಗಿಟ್ಟು ಒಣಗಿಸುವ ಕರಾವಳಿಯವರಿಗೆ ಇದಕ್ಕಿಂತ ಮನೆಯ ವಿಷಯ ಇನ್ನೇನಿದೆ! ಒಂದು ಕಾರ್ಯ ಯಾಕೆ ಆಗಲಿಲ್ಲವೆಂದು ಕೇಳಿದರೆ ಪ್ರತಿಯೊಬ್ಬರೂ ಮತ್ತೊಬ್ಬರ ಕಡೆಗೆ ಬೆರಳು ತೋರಿಸುತ್ತಾ ಹೋಗುವ ಸರಪಳಿ ಅದು. ತರಗತಿಯಲ್ಲಿ ಒಬ್ಬೊಬ್ಬ ಮಗುವಿಗೆ ಒಂದೊಂದು ಕೊಂಡಿಯನ್ನು ಕೊಟ್ಟು ಆಡಿಸಿದರೆ ನಗುವಿನ ಹೊಳೆ ಹರಿಯುತ್ತದೆ. ಆದರೆ ನಗುತ್ತಲೇ ಮಗು ಒಂದು ದೊಡ್ಡ ತತ್ತ್ವವನ್ನು ಕಲಿಯುತ್ತದೆ. ಪ್ರತಿಯೊಂದು ಘಟನೆಗೂ ಹಿಂದೊಂದು ಕಾರಣವಿದೆ, ಆ ಕಾರಣಕ್ಕೂ ಇನ್ನೊಂದು ಕಾರಣವಿದೆ. ಚರಿತ್ರೆಯೆಂದರೆ ಇದೇ ಅಲ್ಲವೇ? ರಾಜ್ಯಗಳು ಯಾಕೆ ಎದ್ದವು, ಯಾಕೆ ಬಿದ್ದವು ಎಂದು ಕೇಳುತ್ತಾ ಹೋಗುವ ವಿದ್ಯೆಗೆ ಈ ಪುಟ್ಟ ಕಥೆ ಮೊದಲ ಪಾಠ.

ರಾಯರು ಚರಿತ್ರೆಯ ಕಡೆಗೂ ನೇರವಾಗಿ ಕೈಹಾಕಿದರು. ಐತಿಹಾಸಿಕ ಕಥಾವಳಿಯೆಂಬ ಅವರ ಗ್ರಂಥ ಹಿಂದಣ ಕಾಲವನ್ನು ಕಥಾರೂಪದಲ್ಲಿ ಎಳೆಯರ ಮುಂದಿಟ್ಟಿತು. ಅದಕ್ಕಿಂತಲೂ ಪ್ರಸಿದ್ಧವಾದುದು ಕೋಟಿ ಚೆನ್ನಯ. ತುಳುನಾಡಿನ ಗರೊಡಿಗಳಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವ ಅವಳಿ ವೀರರ ಕಥೆಯದು. ಗದ್ದೆಗಳಲ್ಲಿ ನೇಜಿ ನೆಡುವ ಹೆಂಗಸರ ಬಾಯಲ್ಲಿ, ನೇಮದ ರಾತ್ರಿಗಳಲ್ಲಿ ಪಾಡ್ದನವಾಗಿ ಹರಿದು ಬಂದ ಆ ಕಥೆಯನ್ನು ರಾಯರು ಸೊಗಸಾದ ಕನ್ನಡ ಗದ್ಯದಲ್ಲಿ ಇಳಿಸಿದರು. ಪಡುಮಲೆಯ ಬಲ್ಲಾಳನ ಬೇನೆಯನ್ನು ಗುಣಪಡಿಸಿದ ದೇಯಿ ಬೈದೆತಿ, ಆಕೆಯ ತಬ್ಬಲಿ ಮಕ್ಕಳಾದ ಕೋಟಿ ಮತ್ತು ಚೆನ್ನಯ, ಗದ್ದೆಯ ವಿಷಯವಾಗಿ ಅವರನ್ನು ಕೆಣಕಿದ ಬುದ್ಯಂತ, ನ್ಯಾಯ ಸಿಗದೆ ಪಡುಮಲೆಯನ್ನು ಬಿಟ್ಟು ಹೊರಟ ಅಣ್ಣತಮ್ಮಂದಿರು, ಪಂಜದಲ್ಲಿ ಅವರಿಗಾದ ಮೋಸ, ಎಣ್ಮೂರಿನಲ್ಲಿ ಸಿಕ್ಕಿದ ಆಸರೆ, ಕೊನೆಗೆ ರಣರಂಗದಲ್ಲಿ ವೀರಮರಣ. ಕಥೆಯಲ್ಲಿ ಬರುವ ಪಂಜ ರಾಯರ ಹಿರಿಯರ ಊರೇ ಎಂಬುದನ್ನು ವಾಚಕರು ಗಮನಿಸಬೇಕು.

ಈ ಆಯ್ಕೆಯಲ್ಲಿ ಒಂದು ದೊಡ್ಡ ವಿಚಾರ ಅಡಗಿದೆ. ಅಂದಿನ ಶಾಲೆಯ ಚರಿತ್ರೆಯೆಂದರೆ ದೆಹಲಿಯ ಬಾದಶಹರದು ಮತ್ತು ಆಂಗ್ಲ ಗವರ್ನರ್ ಜನರಲ್‌ಗಳದು. ಅದರಲ್ಲಿ ತುಳುನಾಡಿನ ಒಕ್ಕಲ ಮಗುವಿಗೆ ತನ್ನದೆನ್ನಲು ಏನೂ ಇರಲಿಲ್ಲ. ಕಿರೀಟವಿಲ್ಲದ, ಸಿಂಹಾಸನವಿಲ್ಲದ, ಬಿಲ್ಲವ ಕುಲದಲ್ಲಿ ಹುಟ್ಟಿದ ಇಬ್ಬರು ತರುಣರನ್ನು ನಾಯಕರನ್ನಾಗಿ ಮಾಡಿ ಪುಸ್ತಕ ಬರೆಯುವುದೆಂದರೆ, ಚರಿತ್ರೆ ಅರಮನೆಯ ಸೊತ್ತು ಮಾತ್ರವಲ್ಲವೆಂದು ಸಾರಿದಂತೆ. ಡೊಂಬರ ಹೆಣ್ಣನ್ನು ಕುರಿತು ಕವಿತೆ ಕಟ್ಟಿದ ಕೈಗೆ ಇದು ಸಹಜವೇ ಆಗಿತ್ತು. ಪಾಡ್ದನದ ಎಲ್ಲ ಮಾತೂ ಶಾಸನದಂತೆ ಪ್ರಮಾಣವೆಂದು ನಾವು ಹೇಳುವುದಿಲ್ಲ. ಅದು ಜನರು ತಮ್ಮ ನೆನಪಿನಲ್ಲಿ ಕಾಪಾಡಿಕೊಂಡ ಚರಿತ್ರೆ. ಆದರೆ ಗದ್ದೆಗಾಗಿ ಜಗಳ, ದಣಿಗಳ ಮುಂದೆ ದೂರು, ಸಿಗದ ನ್ಯಾಯ, ಊರು ಬಿಟ್ಟು ಹೊರಡುವ ಸಂಕಟ, ಇವು ಅಂದಿನ ಬದುಕಿನ ನಿಜಗಳೆಂಬುದರಲ್ಲಿ ಸಂದೇಹವಿಲ್ಲ.

ಈ ಕಥೆಯನ್ನು ತರಗತಿಯಲ್ಲಿ ಆಡಿಸುವುದು ಎಷ್ಟು ಸುಲಭವೆಂಬುದನ್ನು ನೋಡಬೇಕು. ರಂಗಸಜ್ಜಿಕೆ ಬೇಡ, ಬಣ್ಣ ಬೇಡ. ಎರಡು ಬೆಂಚುಗಳ ನಡುವಣ ಜಾಗವೇ ಗದ್ದೆಯ ಹುಣಿ. ಒಬ್ಬ ಬುದ್ಯಂತ, ಇಬ್ಬರು ಅಣ್ಣತಮ್ಮಂದಿರು, ಒಬ್ಬ ಬಲ್ಲಾಳ, ಉಳಿದವರೆಲ್ಲರೂ ಊರವರು. ಮಾತುಗಳನ್ನು ಬರೆದುಕೊಡದೆ ಮಕ್ಕಳೇ ಆಡಲಿ. ಬಲ್ಲಾಳನಾದ ಹುಡುಗ ಎರಡೂ ಪಕ್ಷಗಳ ವಾದವನ್ನು ಕೇಳಿ ತೀರ್ಪು ಕೊಡಲಿ. ತನ್ನ ಅಧಿಕಾರಿಯನ್ನು ಬಿಟ್ಟುಕೊಡಲಾರದ ಬಲ್ಲಾಳನ ಇಕ್ಕಟ್ಟು, ನ್ಯಾಯ ಕಾಣದ ತರುಣರ ಸಿಟ್ಟು, ನೋಡಿಯೂ ಸುಮ್ಮನಿರುವ ಊರವರ ಅಂಜಿಕೆ, ಇವೆಲ್ಲವೂ ಹತ್ತು ನಿಮಿಷಗಳಲ್ಲಿ ಮಗುವಿನ ಅನುಭವಕ್ಕೆ ಬರುತ್ತವೆ. ಹತ್ತು ಪುಟಗಳನ್ನು ಬಾಯಿಪಾಠ ಮಾಡಿದರೂ ಅದು ಬರಲಾರದು. ಕಥೆ ಹೇಳುವವರು ಪಂಜೆಯವರಂತೆ ಮಾತಿನಲ್ಲೇ ಮನುಷ್ಯರನ್ನು ನಿಲ್ಲಿಸಿದ್ದರೆ ಉಪಾಧ್ಯಾಯರ ಕೆಲಸದಲ್ಲಿ ಅರ್ಧ ಮುಗಿದಂತೆಯೇ.

ರಾಯರ ಕಾಲದಲ್ಲಿಯೇ ಲೋಕದ ಇತರ ಕಡೆಗಳಲ್ಲಿಯೂ ಇಂತಹ ಪ್ರಯತ್ನಗಳು ನಡೆದಿದ್ದವು. ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಸಾಂಪ್ಟಿಂಗ್ ಎಂಬ ಹಳ್ಳಿಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದ ಹ್ಯಾರಿಯೆಟ್ ಫಿನ್ಲೆ ಜಾನ್ಸನ್ ಎಂಬವರು ಮಕ್ಕಳಿಂದಲೇ ನಾಟಕಗಳನ್ನು ಕಟ್ಟಿಸಿ ಚರಿತ್ರೆಯನ್ನು ಕಲಿಸಿದರು. ೧೯೧೧ರಲ್ಲಿ ಆ ಕ್ರಮವನ್ನು ವಿವರಿಸುವ ಪುಸ್ತಕವನ್ನೂ ಪ್ರಕಟಿಸಿದರು. ನಮ್ಮ ದೇಶದಲ್ಲಿ ಗುಜರಾತಿನ ಗಿಜುಭಾಯಿ ಬಧೇಕಾ ಅವರು ಮುಂಬಯಿಯಲ್ಲಿ ಕಾಯಿದೆಯನ್ನು ಓದಿ ವಕೀಲರಾದವರು, ವಕೀಲಿಯನ್ನು ಬಿಟ್ಟು ೧೯೨೦ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಅವರ ದಿವಾಸ್ವಪ್ನವೆಂಬ ಗ್ರಂಥದಲ್ಲಿ ಒಬ್ಬ ಉಪಾಧ್ಯಾಯನು ಕಥೆ, ಆಟ ಮತ್ತು ನಾಟಕಗಳಿಂದ ನಾಲ್ಕನೆಯ ತರಗತಿಯನ್ನು ಒಂದು ವರ್ಷ ನಡೆಸುವ ವೃತ್ತಾಂತವಿದೆ. ಗಿಜುಭಾಯಿಯವರ ಸಹಕಾರಿಣಿಯಾಗಿದ್ದ ತಾರಾಬಾಯಿ ಮೋಡಕರು ೧೯೪೫ರಲ್ಲಿ ಬೋರ್ಡಿಯಲ್ಲಿಯೂ ಅನಂತರ ಕೋಸಬಾಡದಲ್ಲಿಯೂ ಆದಿವಾಸಿ ಮಕ್ಕಳಿಗಾಗಿ ಇದೇ ಬಗೆಯ ಕೆಲಸವನ್ನು ನಡೆಸಿದರು. ಬೊರಿವಲಿಯಿಂದ ಡಹಾಣೂ ಕಡೆಗೆ ಹೋಗುವ ರೈಲುದಾರಿಯ ಕೊನೆಯಲ್ಲಿ ಆ ಊರುಗಳಿವೆ. ಸಸೆಕ್ಸಿನಲ್ಲಿ, ಭಾವನಗರದಲ್ಲಿ, ಮಂಗಳೂರಿನಲ್ಲಿ ಬೇರೆ ಬೇರೆಯಾಗಿ ಕೆಲಸ ಮಾಡಿದ ಈ ಮಂದಿ ಒಂದೇ ನಿರ್ಣಯಕ್ಕೆ ಬಂದರೆಂದರೆ ಆ ನಿರ್ಣಯದಲ್ಲಿ ಸತ್ಯವಿರಲೇಬೇಕು.

೧೯೨೦ರ ದಶಕದಲ್ಲಿ ರಾಯರು ಮಡಿಕೇರಿಯ ಸರಕಾರಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಹೋದರು. ಕೊಡಗು ಆಗ ಚೀಫ್ ಕಮಿಶನರರ ಆಳಿಕೆಯಲ್ಲಿದ್ದ ಪ್ರತ್ಯೇಕ ಪ್ರಾಂತ. ಕಡಲ ತಡಿಯವರಾದ ರಾಯರು ಆ ಬೆಟ್ಟದ ನಾಡನ್ನು ಪರಸ್ಥಳವೆಂದು ಭಾವಿಸಲಿಲ್ಲ. ಅಲ್ಲಿಯ ಜನರ ಸುಗ್ಗಿಯ ಹಬ್ಬವಾದ ಹುತ್ತರಿಯನ್ನು ಕುರಿತು ಅವರು ರಚಿಸಿದ ಹುತ್ತರಿ ಹಾಡು ಕೊಡಗಿನ ನಾಡಗೀತೆಯೋ ಎಂಬಂತೆ ಜನರ ಬಾಯಲ್ಲಿ ನಿಂತಿತು. ಕೊಂಕಣಿ ಮನೆಮಾತಿನವರೊಬ್ಬರು ಕನ್ನಡದಲ್ಲಿ ಬರೆದ ಹಾಡನ್ನು ಕೊಡವರು ತಮ್ಮದೆಂದು ಹಾಡಿಕೊಂಡರು. ಹೋದ ಊರನ್ನು ತಿಳಿದುಕೊಂಡು ಪ್ರೀತಿಸುವುದು, ಅದರ ಹಿಂದಣ ಕಥೆಯನ್ನು ಅಲ್ಲಿಯ ಮಕ್ಕಳಿಗೆ ಹೇಳುವುದು ಉಪಾಧ್ಯಾಯನ ಧರ್ಮವೆಂದು ಅವರು ನಡೆದು ತೋರಿಸಿದರು. ವಲಸೆ ಬಂದವರಾದ ನಾವು ಈ ಮಾತನ್ನು ಎರಡು ಬಾರಿ ಯೋಚಿಸಬೇಕು.

ಮಕ್ಕಳಿಗೆ ಪುಸ್ತಕಗಳಿಲ್ಲವೆಂಬ ಕೊರತೆಯನ್ನು ನೀಗಿಸಲು ರಾಯರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವೆಂಬ ಸಂಸ್ಥೆಯನ್ನು ಸ್ಥಾಪಿಸಿದರು. ಉಗ್ರಾಣ ಮಂಗೇಶರಾಯರು, ಎಂ.ಎನ್. ಕಾಮತರು ಮೊದಲಾದ ಮಿತ್ರರು ಮಕ್ಕಳಿಗಾಗಿ ಬರೆಯುವ ಆ ಕಾಲದ ಉದ್ಯಮದಲ್ಲಿ ಅವರ ಸಂಗಡಿಗರಾಗಿದ್ದರು. ಪಂಡಿತರಾದವರು ಕಾವ್ಯಕ್ಕೆ ಟೀಕೆ ಬರೆಯಬೇಕು, ಶಿಶುಗಳಿಗೆ ಕಥೆ ಬರೆಯುವುದು ಘನತೆಗೆ ಕುಂದು ಎಂದು ತಿಳಿಯುತ್ತಿದ್ದ ಕಾಲದಲ್ಲಿ ಈ ಸಾಹಸ ಸಣ್ಣದಲ್ಲ. ಮಕ್ಕಳಿಗಾಗಿ ಕನ್ನಡ ಮೂಲವ್ಯಾಕರಣವನ್ನೂ ಪದ್ಯಪುಸ್ತಕಗಳನ್ನೂ ಸಿದ್ಧಪಡಿಸಿದ ಅವರ ಪಾಂಡಿತ್ಯದ ವಿಷಯದಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಪಾಂಡಿತ್ಯವಿದ್ದೂ ಬಾಗಿದವರು ಅವರು.

೧೯೩೪ರಲ್ಲಿ ರಾಯಚೂರಿನಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪಂಜೆಯವರನ್ನು ಅಧ್ಯಕ್ಷರನ್ನಾಗಿ ಆರಿಸಲಾಯಿತು. ರಾಯಚೂರು ಆಗ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಮದರಾಸು ಪ್ರಾಂತದ ಮಂಗಳೂರು, ಪ್ರತ್ಯೇಕ ಕೊಡಗು, ನಿಜಾಮರ ರಾಯಚೂರು, ಹೀಗೆ ಹರಿದು ಹಂಚಿಹೋಗಿದ್ದ ಕನ್ನಡ ನಾಡಿನ ಮೂರು ತುಂಡುಗಳನ್ನು ಈ ಒಬ್ಬ ಉಪಾಧ್ಯಾಯರ ಜೀವಿತ ಮುಟ್ಟಿತು. ೧೯೫೬ರ ನವೆಂಬರ ೧ರಂದು ಆ ತುಂಡುಗಳು ಒಂದಾದುದನ್ನು ನೋಡಲು ಅವರು ಉಳಿದಿರಲಿಲ್ಲ. ೧೯೩೭ನೆಯ ಇಸವಿಯ ಅಕ್ಟೋಬರ ತಿಂಗಳಿನಲ್ಲಿ ಹೈದರಾಬಾದಿನಲ್ಲಿ, ತಮ್ಮ ಅರುವತ್ತನಾಲ್ಕನೆಯ ವಯಸ್ಸಿನಲ್ಲಿ, ಹುಟ್ಟಿದ ನಾಡಿನಿಂದ ದೂರವಾಗಿ ಅವರು ಕಣ್ಣುಮುಚ್ಚಿದರು. ನಾಡಿನ ಭಿನ್ನ ಭಿನ್ನ ಆಳಿಕೆಗಳ ಕೆಳಗಿದ್ದ ಮಕ್ಕಳು ಅದೇ ಹಾವಿನ ಹಾಡನ್ನು ಹಾಡಿಕೊಂಡಿದ್ದರೆಂದರೆ, ರಾಜಕೀಯ ಏಕೀಕರಣಕ್ಕೆ ಮೊದಲೇ ಅವರು ಮಕ್ಕಳ ಬಾಯಲ್ಲಿ ಒಂದು ಏಕೀಕರಣವನ್ನು ನಡೆಸಿದ್ದರೆನ್ನಬೇಕು.

ರಾಯರ ದಾರಿಯಲ್ಲಿ ನಡೆಯಬಯಸುವವರು ಕೆಲವು ಎಚ್ಚರಿಕೆಗಳನ್ನು ನೆನಪಿಡಬೇಕು. ಪಾತ್ರಾಭಿನಯವೆಂದರೆ ವಾರ್ಷಿಕೋತ್ಸವದ ವೇಷವಲ್ಲ. ಹಣ ತೆತ್ತು ಬಾಡಿಗೆಯ ಕಿರೀಟ ತಂದವನ ಮಗ ಅರಸನಾಗಿ, ಬಡವನ ಮಗ ಈಟಿ ಹಿಡಿದು ಮೂಲೆಯಲ್ಲಿ ನಿಲ್ಲುವುದಾದರೆ ಮಕ್ಕಳು ಕಲಿಯುವ ಪಾಠ ಬೇರೆಯೇ. ಪಾತ್ರಗಳು ಸರದಿಯ ಮೇಲೆ ಬದಲಾಗಬೇಕು. ಇಂದು ಬಲ್ಲಾಳನಾದವನು ನಾಳೆ ಒಕ್ಕಲಿಗನಾಗಬೇಕು. ಮಗುವಿನ ಜಾತಿಯನ್ನೋ ಅಪ್ಪನ ಕೆಲಸವನ್ನೋ ನೋಡಿ ಪಾತ್ರ ಹಂಚುವುದು ಪಾಪ. ಎರಡನೆಯದಾಗಿ, ಸೋತವರ ಪಾತ್ರವನ್ನೂ ಅಷ್ಟೇ ಗೌರವದಿಂದ ಆಡಿಸಬೇಕು. ಒಂದು ಪಕ್ಷವನ್ನು ರಾಕ್ಷಸರನ್ನಾಗಿ ಮಾಡಿ ನಕ್ಕರೆ ಚರಿತ್ರೆ ಹೋಗಿ ದ್ವೇಷ ಉಳಿಯುತ್ತದೆ. ಹಲವು ಮತಗಳ, ಹಲವು ನುಡಿಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಈ ನಗರದಲ್ಲಿ ಈ ಎಚ್ಚರಿಕೆ ಇನ್ನೂ ಅಗತ್ಯ. ಮೂರನೆಯದಾಗಿ, ಆಟ ಮುಗಿದ ಮೇಲೆ ವೃತ್ತವಾಗಿ ಕುಳಿತು, ನಾವು ಆಡಿದುದರಲ್ಲಿ ದಾಖಲೆಯಿರುವುದೆಷ್ಟು, ಜನರ ಬಾಯಿಂದ ಬಂದುದೆಷ್ಟು, ನಾವೇ ಕಲ್ಪಿಸಿದುದೆಷ್ಟು ಎಂದು ಬೇರ್ಪಡಿಸಿ ಮಾತನಾಡಬೇಕು. ಈ ಕೊನೆಯ ಹೆಜ್ಜೆಯಿಲ್ಲದಿದ್ದರೆ ಅದು ಆಟ ಮಾತ್ರ, ಇದ್ದರೆ ಪಾಠ.

ಬೊರಿವಲಿಯಲ್ಲಿ ಇದಕ್ಕೆ ವಸ್ತುವಿಲ್ಲವೆಂದು ಯಾರೂ ಹೇಳುವಂತಿಲ್ಲ. ಪೂರ್ವದ ಗುಡ್ಡಗಳಲ್ಲಿ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಒಳಗೆ, ಕಾನ್ಹೇರಿಯ ನೂರಕ್ಕೂ ಮಿಕ್ಕಿದ ಬೌದ್ಧ ಗುಹೆಗಳಿವೆ. ರಜಾದಿನದಂದು ಮಕ್ಕಳನ್ನು ಕರೆದುಕೊಂಡು ಹೋಗಿ, ಕೋತಿಗಳನ್ನು ನೋಡಿ, ತಿಂಡಿ ತಿಂದು ಮರಳುವ ನಮ್ಮವರಲ್ಲಿ ಹೆಚ್ಚಿನವರು ಅಲ್ಲಿಯ ಬಂಡೆಯ ಮೇಲಿರುವ ಒಂದು ಹೆಸರನ್ನು ಅರಿಯರು. ಒಂಬತ್ತನೆಯ ಶತಮಾನದ ಅಲ್ಲಿಯ ಸಂಸ್ಕೃತ ಶಾಸನಗಳು ಕೊಂಕಣವನ್ನಾಳುತ್ತಿದ್ದ ಶಿಲಾಹಾರ ಅರಸರಾದ ಪುಲ್ಲಶಕ್ತಿ ಮತ್ತು ಕಪರ್ದಿಯನ್ನು ಹೆಸರಿಸಿ, ಅವರ ಮೇಲಣ ಸಾರ್ವಭೌಮನು ರಾಷ್ಟ್ರಕೂಟ ಅಮೋಘವರ್ಷನೆಂದು ಹೇಳುತ್ತವೆ. ಈತನೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಅಂದಿನ ಮಾನ್ಯಖೇಟ, ರಾಜಧಾನಿಯಾಗಿ ಆಳಿದ ನೃಪತುಂಗ. ಈತನ ಆಸ್ಥಾನದಲ್ಲಿಯೇ ಕವಿರಾಜಮಾರ್ಗ ಹುಟ್ಟಿತು. ಕನ್ನ‌ಡದ ಉಪಲಬ್ಧ ಗ್ರಂಥಗಳಲ್ಲಿ ಮೊದಲನೆಯದು ರಚಿತವಾದ ಕಾಲದಲ್ಲಿಯೇ ಆ ದೊರೆಯ ಹೆಸರನ್ನು ಬೊರಿವಲಿಯ ಗುಡ್ಡದ ಕಲ್ಲಿನಲ್ಲಿ ಉಳಿಯಿಂದ ಕೆತ್ತುತ್ತಿದ್ದರು! ಶಕವರ್ಷ ೭೭೫ರ, ಎಂದರೆ ಕ್ರಿ.ಶ. ೮೫೩ರ ಸುಮಾರಿನ ಶಾಸನದಲ್ಲಿ, ದೂರದ ಗೌಡ ದೇಶದಿಂದ ಬಂದ ಅವಿಘ್ನಾಕರನೆಂಬ ಭಕ್ತನು ಇಲ್ಲಿಯ ಭಿಕ್ಷುಗಳಿಗಾಗಿ ದ್ರಮ್ಮಗಳನ್ನು ದತ್ತಿಯಿಟ್ಟ ವಿಷಯವಿದೆ. ಪರದೇಶದಿಂದ ಬಂದು ಈ ನೆಲದಲ್ಲಿ ಕೈಲಾದುದನ್ನು ಬಿಟ್ಟುಹೋದವರು ಅಂದಿನಿಂದಲೂ ಇದ್ದಾರೆಂದಾಯಿತು.

ಇದನ್ನು ಆಡಿಸುವುದಕ್ಕೆ ಏನು ಬೇಕು? ಒಬ್ಬ ಮಗು ಗೌಡ ದೇಶದ ದಾನಿ, ಒಬ್ಬ ಮಾನ್ಯಖೇಟದ ದೂತ, ಒಬ್ಬ ಕಪರ್ದಿಯ ಅಧಿಕಾರಿ, ಇಬ್ಬರು ಮೂವರು ಭಿಕ್ಷುಗಳು, ಒಬ್ಬ ಕಲ್ಲುಕುಟಿಗ. ದತ್ತಿಯ ಬಡ್ಡಿಯಿಂದ ಏನು ಮಾಡಬೇಕು, ವಸ್ತ್ರವೋ, ಗುಹೆಯ ದುರಸ್ತಿಯೋ ಎಂಬ ಚರ್ಚೆ ನಡೆಯಲಿ. ಲೆಕ್ಕ ಬರೆಯುವ ಗುಮಾಸ್ತನ ಪಾತ್ರವೂ ಇರಲಿ. ಗುಮಾಸ್ತರಿಲ್ಲದೆ ಯಾವ ಸಾಮ್ರಾಜ್ಯವೂ ನಡೆದಿಲ್ಲ. ಮಳೆಗಾಲದ ನೀರನ್ನು ಕೂಡಿಡಲು ಗುಹೆಗಳ ಪಕ್ಕದಲ್ಲಿ ಕೊರೆದ ತೊಟ್ಟಿಗಳಿವೆ. ಭಿಕ್ಷುಗಳ ಅಡಿಗೆ ಮತ್ತು ನೀರಿನ ವ್ಯವಸ್ಥೆ ಹೇಗಿದ್ದಿರಬೇಕೆಂದು ಹೋಟೆಲಿನವರ ಮಕ್ಕಳಿಗಿಂತ ಚೆನ್ನಾಗಿ ಯಾರು ಊಹಿಸಬಲ್ಲರು?

ಮುಂಬಯಿಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಕಡಿಮೆಯಾಗುತ್ತಾ ಬಂದಿವೆ. ಒಂದು ಕಾಲದಲ್ಲಿ ನಮ್ಮ ದುಡಿಯುವ ಹುಡುಗರಿಗೆ ಬೆಳಕು ಕೊಟ್ಟ ರಾತ್ರಿಶಾಲೆಗಳಲ್ಲಿ ಹಲವು ಬಾಗಿಲು ಹಾಕಿವೆ. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಓದಿ, ಹಿಂದಿ ಮರಾಠಿಗಳಲ್ಲಿ ಆಡಿ, ಮನೆಯಲ್ಲಿ ಮಾತ್ರ ತುಳುವನ್ನೋ ಕನ್ನಡವನ್ನೋ ಕೇಳುತ್ತಾರೆ. ಊರೆಂದರೆ ಬೇಸಗೆಯ ರಜೆಯಲ್ಲಿ ಹೋಗಿಬರುವ ಅಜ್ಜಿಮನೆ, ಬೊರಿವಲಿಯೆಂದರೆ ಅಪ್ಪನ ಕೆಲಸಕ್ಕಾಗಿ ಇರುವ ಜಾಗ. ಹಾಗಾಗಿ ಎರಡೂ ಕಡೆಯ ಚರಿತ್ರೆ ತಮ್ಮದಲ್ಲವೆಂದು ಅವರು ಬೆಳೆಯುವ ಅಪಾಯವಿದೆ. ಇದಕ್ಕೆ ಪ್ರತಿಯಾಗಿ ಸರಕಾರವನ್ನೋ ಶಾಲೆಗಳನ್ನೋ ದೂರುತ್ತ ಕೂರುವುದರಿಂದ ಫಲವಿಲ್ಲ. ನಮ್ಮ ಸಂಘಗಳಿವೆ, ಭಜನಾ ಮಂಡಳಿಗಳಿವೆ, ಯಕ್ಷಗಾನದ ಮೇಳ ಕಟ್ಟುವ ಉತ್ಸಾಹಿಗಳಿದ್ದಾರೆ. ವಾರಕ್ಕೊಂದು ಗಂಟೆ, ಒಂದು ಚಾಪೆ, ಕಥೆ ಹೇಳಬಲ್ಲ ಒಬ್ಬ ಹಿರಿಯರು, ಇಷ್ಟಿದ್ದರೆ ಸಾಕು. ರಜೆಯ ದಿನದ ಗುಮಾಸ್ತರೋ, ಮಧ್ಯಾಹ್ನದ ಬಿಡುವಿನ ಹೋಟೆಲು ಕೆಲಸದವರೋ ಇದನ್ನು ಮಾಡಬಲ್ಲರು. ಪದವಿ ಬೇಡ, ಮಕ್ಕಳ ಮುಂದೆ ಗಾಂಭೀರ್ಯವನ್ನು ಸ್ವಲ್ಪ ಹೊತ್ತು ಕಳಚಿಡುವ ಧೈರ್ಯ ಮಾತ್ರ ಬೇಕು.

ಸರಕಾರಿ ಕಾಲೇಜಿನ ಪಂಡಿತರು, ಶಾಲೆಗಳ ಇನ್‌ಸ್ಪೆಕ್ಟರರು, ಹೈಸ್ಕೂಲಿನ ಮುಖ್ಯೋಪಾಧ್ಯಾಯರು, ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು, ಇಷ್ಟೆಲ್ಲ ಆಗಿದ್ದ ಪಂಜೆ ಮಂಗೇಶರಾಯರಲ್ಲಿ ಆ ಧೈರ್ಯ ಸಮೃದ್ಧವಾಗಿತ್ತು. ಅವರ ಪದವಿಗಳನ್ನು ಜನರು ಮರೆತಿದ್ದಾರೆ. ಮಗುವಿನ ಎತ್ತಿದ ಕೈಯಲ್ಲಿ ಹಾವಿನ ಹೆಡೆ ಇಂದಿಗೂ ತೂಗುತ್ತಿದೆ.